ಕಲ್ಯಾಣದ ದುರ್ಗಾಡಿ ಕೋಟೆ: ಮಕ್ಕಳಿಗೆ ತೋರಿಸುವುದು ಏನನ್ನು?

ಬೆಂಗಳೂರಿನಿಂದ ಕಲಬುರ್ಗಿ, ಸೊಲ್ಲಾಪುರ ದಾಟಿ ಮುಂಬಯಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ. ನಮ್ಮ ಕಡೆಯ ಎಷ್ಟೋ ಜನ ಇಲ್ಲೇ ಇಳಿದು ಲೋಕಲ್ ಹಿಡಿದು ಡೊಂಬಿವಲಿಗೋ, ಮುಂಬ್ರಾಕ್ಕೋ, ಥಾಣೆಗೋ ಹೋಗುತ್ತಾರೆ. ಹಾಜಿ ಮಲಂಗ್ ದರ್ಗಾಕ್ಕೆ ಹೋಗುವವರೂ ಇಲ್ಲೇ ಇಳಿಯುತ್ತಾರೆ. ಆದರೆ ಇದೇ ಕಲ್ಯಾಣದಲ್ಲಿ, ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಒಂದು ಕೋಟೆ ಇದೆ, ಅದಕ್ಕೂ ನಮ್ಮ ವಿಜಯಪುರಕ್ಕೂ ಒಂದು ಕಾಲದಲ್ಲಿ ನೇರ ಸಂಬಂಧ ಇತ್ತು ಅಂತ ಹೇಳಿದರೆ ಹಿರಿಯರೂ ಹುಬ್ಬೇರಿಸುತ್ತಾರೆ. ಅದರ ಹೆಸರು ದುರ್ಗಾಡಿ.

ಮೊಗಲರ ಕಾಲದ ಕೋಟೆ ಅಂದ ತಕ್ಷಣ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ದೆಹಲಿಯ ಕೆಂಪು ಕೋಟೆ. ಪಠ್ಯಪುಸ್ತಕದಲ್ಲಿ ಅದರ ಚಿತ್ರ ಇದೆ, ಆಗಸ್ಟ್ 15ರಂದು ಟಿ.ವಿ.ಯಲ್ಲೂ ಬರುತ್ತದೆ. ದುರ್ಗಾಡಿಗೆ ಆ ನಿರೀಕ್ಷೆ ಇಟ್ಟುಕೊಂಡು ಹೋಗಬಾರದು. ಇಲ್ಲಿ ಸಂಗಮರಮರಿ ಇಲ್ಲ, ದಿವಾನ್-ಎ-ಆಮ್ ಇಲ್ಲ, ಟಿಕೆಟ್ ಕೌಂಟರ್ ಕೂಡ ಇಲ್ಲ. ಈ ಸುತ್ತಮುತ್ತಲಿನ ಕೋಟೆಗಳೇ ಹೀಗೆ. ಥಾಣೆಯ ಕೋಟೆಯನ್ನು 1730ರ ಸುಮಾರಿಗೆ ಪೋರ್ಚುಗೀಸರು ಕಟ್ಟಲು ಶುರು ಮಾಡಿದರು, ಇವತ್ತು ಅದು ಸೆಂಟ್ರಲ್ ಜೈಲು, ಒಳಗೆ ಹೋಗಿ ನೋಡುವ ಹಾಗಿಲ್ಲ, ಹೋಗುವ ಪ್ರಸಂಗ ಯಾರಿಗೂ ಬರದಿರಲಿ! ನವಿಮುಂಬಯಿಯ ಬೇಲಾಪುರ ಕೋಟೆ ಜಂಜೀರಾದ ಸಿದ್ದಿಗಳದು, ಈಗ ಉಳಿದಿರುವುದು ಬಹಳ ಕಡಿಮೆ. ಮೊಗಲರ ಕೈ ಬಿದ್ದ ಕೋಟೆ ಅಂತ ಈ ಭಾಗದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಸಾಧ್ಯವಿರುವುದು ಕಲ್ಯಾಣಕ್ಕೆ ಮಾತ್ರ.

ಅಲ್ಲಿ ಕಾಣುವುದು ಇಷ್ಟು: ಖಾಡಿಯ ದಂಡೆಯಲ್ಲಿ ಒಂದು ಸಣ್ಣ ಗುಡ್ಡ. ಭಿವಂಡಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲೇ ಒಂದು ಹೆಬ್ಬಾಗಿಲು, ಮೆಟ್ಟಿಲು, ಅಲ್ಲಲ್ಲಿ ರಿಪೇರಿ ಮಾಡಿದ ಗೋಡೆ, ಒಂದೆರಡು ಬುರುಜು. ಮೇಲೆ ದುರ್ಗಾದೇವಿಯ ಗುಡಿ. ಗುಡಿಯ ಹತ್ತಿರದಲ್ಲೇ ಈದ್ಗಾದ ಹಳೇ ಗೋಡೆ. ಕೆಳಗೆ ಸೇತುವೆ, ಸೇತುವೆಯ ಮೇಲೆ ಸಾಲುಗಟ್ಟಿದ ಲಾರಿಗಳು. ಸುತ್ತ ಎದ್ದಿರುವ ಬಿಲ್ಡಿಂಗುಗಳು ಕೋಟೆಗಿಂತ ಎತ್ತರ. ಹದಿನೈದು ನಿಮಿಷದಲ್ಲಿ ಸುತ್ತಿ ಮುಗಿಯುತ್ತದೆ. ಮಕ್ಕಳು ಮೊಬೈಲ್ ತೆಗೆದು ಫೋಟೋ ಹೊಡೆದು "ಇಷ್ಟೇನಾ ಟೀಚರ್?" ಅಂತಾರೆ. ಇಷ್ಟೇ ಅಲ್ಲ. ಆದರೆ ಉಳಿದದ್ದು ಕಾಣಬೇಕಾದರೆ ಗುಡಿ ಕಡೆಗೂ ಅಲ್ಲ, ಈದ್ಗಾ ಕಡೆಗೂ ಅಲ್ಲ, ಮೊದಲು ನೀರಿನ ಕಡೆ ತಿರುಗಿ ನಿಲ್ಲಬೇಕು.

ಆ ನೀರು ಉಲ್ಹಾಸ ನದಿಯದು. ಘಟ್ಟದಲ್ಲಿ ಹುಟ್ಟಿ ಕಲ್ಯಾಣದ ಹತ್ತಿರ ಬರುವಷ್ಟರಲ್ಲಿ ಅದಕ್ಕೆ ಸಮುದ್ರದ ಉಬ್ಬರ-ಇಳಿತ ತಾಗುತ್ತದೆ. ಅದಕ್ಕೇ ಇಲ್ಲಿನ ಜನ ಇದನ್ನು ನದಿ ಅನ್ನುವುದಕ್ಕಿಂತ ಖಾಡಿ ಅನ್ನುತ್ತಾರೆ. ಉಬ್ಬರದ ನೀರಿನ ಜೊತೆ ಸಮುದ್ರದ ದೋಣಿಗಳು ಒಳನಾಡಿನೊಳಗೆ ಇಲ್ಲಿಯವರೆಗೂ ಬರಬಹುದಿತ್ತು. ಬಿರುಗಾಳಿಯ ಭಯವಿಲ್ಲ, ಬೆನ್ನ ಹಿಂದೆ ಘಟ್ಟ. ನಾಣೇಘಾಟ್ ಹತ್ತಿ ಜುನ್ನರಕ್ಕೆ ಹೋಗುವ ವ್ಯಾಪಾರದ ದಾರಿ ಶಾತವಾಹನರ ಕಾಲದಿಂದಲೂ ಇದೆ. ಹೀಗಾಗಿ ಕಲ್ಯಾಣ ಬಹಳ ಹಿಂದಿನಿಂದಲೂ ಬಂದರು. ಸುಮಾರು ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್'ನಲ್ಲಿ 'ಕಲ್ಲಿಯೇನ' ಅಂತ ಇದರ ಹೆಸರಿದೆ. ಕಾನ್ಹೇರಿಯ ಬೌದ್ಧ ಗುಹೆಗಳಿಗೆ ದಾನ ಕೊಟ್ಟವರಲ್ಲಿ ಕಲ್ಯಾಣದ ವರ್ತಕರ ಹೆಸರುಗಳಿವೆ. 6ನೇ ಶತಮಾನದಲ್ಲಿ ಬರೆದ ಕಾಸ್ಮಾಸ್ ಎಂಬ ಪ್ರವಾಸಿ ಇಲ್ಲಿ ಒಬ್ಬ ಕ್ರೈಸ್ತ ಬಿಷಪ್ ಇದ್ದುದನ್ನು ಹೇಳುತ್ತಾನೆ. ಮುಂದೆ ಮುಸ್ಲಿಂ ಆಡಳಿತದಲ್ಲಿ ಈ ಊರಿಗೆ ಇಸ್ಲಾಮಾಬಾದ್ ಎಂಬ ಹೆಸರೂ ಬಂತು. ಆದರೆ ಜನರ ಬಾಯಲ್ಲಿ ಉಳಿದದ್ದು ಕಲ್ಯಾಣವೇ.

ಅಂದರೆ ಇಲ್ಲಿ ಕೋಟೆ ಬಂದದ್ದು ರಾಜನ ಮೆರವಣಿಗೆಗಲ್ಲ. ದೋಣಿ ಬರುವ ಜಾಗ, ಸುಂಕ ವಸೂಲಾಗುವ ಜಾಗ, ಅದನ್ನು ಕಾಯಬೇಕಿತ್ತು. ಯಾರು ಆಳಿದರೂ ಅವರಿಗೆ ಈ ಗುಡ್ಡ ಬೇಕಿತ್ತು. ಇಷ್ಟು ಗೊತ್ತಾದರೆ ಮಕ್ಕಳಿಗೆ ಮುಂದಿನದು ತಾನಾಗಿ ತಿಳಿಯುತ್ತದೆ.

ಈಗ ನಮ್ಮ ಕಡೆಯ ಸಂಗತಿಗೆ ಬರುತ್ತೇನೆ. ಕಲ್ಯಾಣ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬೀದರ ಜಿಲ್ಲೆಯ ಬಸವಕಲ್ಯಾಣ. ಅಲ್ಲೂ ಕೋಟೆ ಇದೆ. ಈ ಎರಡೂ ಕಲ್ಯಾಣಗಳು 1657ರಲ್ಲಿ ಒಬ್ಬನದೇ ಕೈಯಲ್ಲಿದ್ದವು. ಅದೇ ವರ್ಷ ಮೂರು ತಿಂಗಳೊಳಗೆ ಎರಡೂ ಅವನ ಕೈತಪ್ಪಿ ಹೋದವು. ಇದು ಕಥೆಯಲ್ಲ, ತಾರೀಖು ಸಮೇತ ಇರುವ ಇತಿಹಾಸ.

ಹಿನ್ನೆಲೆ ಹೀಗಿದೆ. ಅಹ್ಮದ್‌ನಗರದ ನಿಜಾಮಶಾಹಿ ಮುಳುಗಿದಾಗ 1636ರಲ್ಲಿ ಮೊಗಲ್ ಬಾದಶಾಹ ಶಾಹಜಹಾನ್ ಮತ್ತು ಬಿಜಾಪುರದ ಮುಹಮ್ಮದ್ ಆದಿಲ್ ಶಾಹ್ ಒಪ್ಪಂದ ಮಾಡಿಕೊಂಡು ಆ ರಾಜ್ಯವನ್ನು ಹಂಚಿಕೊಂಡರು. ಕೊಂಕಣದ ಈ ಭಾಗ ಬಿಜಾಪುರಕ್ಕೆ ಬಂತು. ಇಪ್ಪತ್ತು ವರ್ಷ ಹೀಗೇ ನಡೆಯಿತು. 1656ರಲ್ಲಿ ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡ. ಗೋಳಗುಮ್ಮಟದಲ್ಲಿ ಮಲಗಿರುವವನು ಅವನೇ. ಮಗ ಚಿಕ್ಕವನು. ಇದೇ ಸಮಯ ಅಂತ ದಖ್ಖನಿನ ಸುಭೇದಾರನಾಗಿದ್ದ ಶಾಹಜಾದಾ ಔರಂಗಜೇಬ್ ಬಿಜಾಪುರದ ಮೇಲೆ ದಂಡೆತ್ತಿ ಬಂದ. 1657ರ ಮಾರ್ಚ್ ಕೊನೆಗೆ ಬೀದರ ಬಿತ್ತು. ಅಲ್ಲಿನ ಕಿಲ್ಲೇದಾರ ಸಿದ್ದಿ ಮರ್ಜಾನ್ ಕೊನೆಯವರೆಗೂ ಹೋರಾಡಿದ. ಬುರುಜಿನ ಹತ್ತಿರ ಇಟ್ಟಿದ್ದ ಮದ್ದಿಗೆ ಕಿಡಿ ತಗುಲಿ ಸುಟ್ಟ ಗಾಯಗಳಿಂದ ಅವನು ಸತ್ತ. ಆಮೇಲೆ ಬಸವಕಲ್ಯಾಣ. ಅಲ್ಲಿ ಮುತ್ತಿಗೆ ಬೇಸಿಗೆ ಕಳೆದು ಮಳೆಗಾಲದವರೆಗೂ ಎಳೆಯಿತು, ಆಗಸ್ಟ್ ಮೊದಲ ವಾರದೊಳಗೆ ಆ ಕೋಟೆಯೂ ಮೊಗಲರದಾಯಿತು.

ಅಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಶಾಹಜಹಾನನಿಗೆ ಕಾಯಿಲೆ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರ ಜಗಳ ಶುರುವಾಗುವ ಹೊತ್ತು. ಔರಂಗಜೇಬನ ಮನಸ್ಸು ಉತ್ತರಕ್ಕೆ ತಿರುಗಿತು. ಬಿಜಾಪುರ ಹಣ್ಣಾಗಿ ಕೂತಿತ್ತು. ಕೊಂಕಣ ಕಾಯುವವರಿಲ್ಲ. 1657ರ ಅಕ್ಟೋಬರ್ 24ರಂದು ಶಿವಾಜಿಯ ಪಡೆ ಘಟ್ಟ ಇಳಿದು ಈ ಕಲ್ಯಾಣವನ್ನೂ, ಖಾಡಿಯಾಚೆಯ ಭಿವಂಡಿಯನ್ನೂ ವಶ ಮಾಡಿಕೊಂಡಿತು. ಒಂದು ಕಲ್ಯಾಣ ಮೊಗಲರಿಗೆ, ಇನ್ನೊಂದು ಕಲ್ಯಾಣ ಮರಾಠರಿಗೆ, ಕಳೆದುಕೊಂಡದ್ದು ಮಾತ್ರ ಬಿಜಾಪುರ ಎರಡನ್ನೂ. ಮೊಗಲರು ಮತ್ತು ಬಿಜಾಪುರದವರು ಇಬ್ಬರೂ ಮುಸ್ಲಿಂ ದೊರೆಗಳೇ ಅಲ್ವಾ ಅಂತ ಮಕ್ಕಳು ಕೇಳುತ್ತಾರೆ. ಹೌದು. ಬಸವಕಲ್ಯಾಣದಲ್ಲಿ ಗೋಡೆಯ ಎರಡೂ ಕಡೆ ನಮಾಜ್ ಆಗುತ್ತಿತ್ತು, ಗೋಡೆಯ ಎರಡೂ ಕಡೆಯಿಂದ ತೋಪು ಹಾರುತ್ತಿತ್ತು. ನನ್ನ ಪಾಠದಲ್ಲಿ ಇದನ್ನು ನಾನು ಬಿಡುವುದಿಲ್ಲ.

ಇನ್ನೂ ಒಂದು ಮಾತು. ಶಿವಾಜಿ ಆದಿಲ್‌ಶಾಹಿಯ ಕಲ್ಯಾಣ ಹಿಡಿದಾಗ ಅವರ ತಂದೆ ಶಹಾಜಿ ಅದೇ ಆದಿಲ್‌ಶಾಹಿಯ ದೊಡ್ಡ ಸರದಾರ. ಬೆಂಗಳೂರು ಅವರ ಜಹಗೀರು. 1664ರಲ್ಲಿ ಅವರು ತೀರಿಕೊಂಡದ್ದೂ ನಮ್ಮ ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ, ಗೋರಿ ಈಗಲೂ ಅಲ್ಲಿದೆ. ಮಗ ಒಂದು ಕಡೆ, ತಂದೆ ಇನ್ನೊಂದು ಕಡೆ. ಇಂಥದ್ದನ್ನು ಹಸಿರು ಬಣ್ಣ, ಕೇಸರಿ ಬಣ್ಣ ಬಳಿದು ನಕ್ಷೆ ಮಾಡಲು ಹೊರಟರೆ ಬಣ್ಣ ಸಾಲುವುದಿಲ್ಲ.

ಆಗ ಬಿಜಾಪುರದ ಪರವಾಗಿ ಕಲ್ಯಾಣ ಸೀಮೆ ನೋಡಿಕೊಳ್ಳುತ್ತಿದ್ದವರು ಯಾರು? ಮುಲ್ಲಾ ಅಹ್ಮದ್ ಎಂಬ ದೊಡ್ಡ ಅಮೀರ. ಇತಿಹಾಸಕಾರ ಜದುನಾಥ ಸರ್ಕಾರ್ ಇವರನ್ನು ನವಾಯತ್ ಎಂದು ಗುರುತಿಸುತ್ತಾರೆ. ನವಾಯತರು ಅಂದರೆ ಕರಾವಳಿಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ: ಅರಬ್ ವರ್ತಕರ ಸಂತತಿ, ಇವತ್ತು ನಮಗೆ ಭಟ್ಕಳದಿಂದ ಪರಿಚಿತ ಜನ. ಭಟ್ಕಳದ ಖಾಡಿಗೂ ಕಲ್ಯಾಣದ ಖಾಡಿಗೂ ಒಂದೇ ಸಮುದ್ರ, ಒಂದೇ ವ್ಯಾಪಾರ. ಆ ಅಕ್ಟೋಬರಿನಲ್ಲಿ ಮುಲ್ಲಾ ಅಹ್ಮದ್ ಕಲ್ಯಾಣದಲ್ಲಿರಲಿಲ್ಲ, ರಾಜಧಾನಿ ಬಿಜಾಪುರದಲ್ಲಿದ್ದರು. ಎಂಟು ವರ್ಷದ ನಂತರ, 1665ರಲ್ಲಿ, ಅವರೇ ಬಿಜಾಪುರ ಬಿಟ್ಟು ಮೊಗಲರ ಕಡೆ ಹೋದರು. ಅವರನ್ನು ಒಲಿಸಿಕೊಂಡ ಮೊಗಲ್ ಸೇನಾಪತಿ ರಜಪೂತರ ಮಿರ್ಜಾ ರಾಜಾ ಜಯಸಿಂಹ. ಆದರೆ ಮೊಗಲ್ ದರ್ಬಾರು ಮುಟ್ಟುವ ಮೊದಲೇ, ದಾರಿಯಲ್ಲಿ ಮುಲ್ಲಾ ಅಹ್ಮದ್ ತೀರಿಕೊಂಡರು.

ಕಲ್ಯಾಣದ ಸುಭೇದಾರನ ಸೊಸೆಯ ಕಥೆ ಮಹಾರಾಷ್ಟ್ರದ ಪ್ರತಿ ಮಗುವಿಗೂ ಗೊತ್ತು. ಸೆರೆ ಸಿಕ್ಕ ಆ ಹೆಣ್ಣುಮಗಳನ್ನು ಸರದಾರರು ಶಿವಾಜಿಯ ಮುಂದೆ ತಂದು ನಿಲ್ಲಿಸಿದಾಗ ಅವರು ತಾಯಿಯಂತೆ ಗೌರವಿಸಿ, ಉಡುಗೊರೆ ಕೊಟ್ಟು ಮನೆಗೆ ಕಳುಹಿಸಿದರು ಎಂಬ ಕಥೆ. ಇದು ಪರಂಪರೆಯಿಂದ ಬಂದ ಕಥೆ, ತಾರೀಖಿನ ಹಾಗೆ ಸಾಬೀತು ಮಾಡುವಂಥದ್ದಲ್ಲ. ಆದರೂ ನಾನು ಹೇಳುತ್ತೇನೆ. ಜನ ತಮ್ಮ ದೊರೆಯಲ್ಲಿ ಯಾವ ಗುಣ ನೋಡಲು ಬಯಸಿದರು, ಮುನ್ನೂರು ವರ್ಷ ಯಾವ ಗುಣವನ್ನು ಹಾಡಿ ಹೊಗಳಿದರು ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಹುಡುಗಿಯರು ಈ ಕಥೆಯನ್ನು ಬಹಳ ಗಮನ ಕೊಟ್ಟು ಕೇಳುತ್ತಾರೆ.

ಮರಾಠರ ಕೈಗೆ ಬಂದ ಮೇಲೆ ಇದೇ ಖಾಡಿಯಲ್ಲಿ ಹಡಗು ಕಟ್ಟುವ ಕೆಲಸ ಶುರುವಾಯಿತು. ಸಹ್ಯಾದ್ರಿಯ ಗುಡ್ಡಗಳಲ್ಲಿ ಬೆಳೆದ ಸೈನ್ಯಕ್ಕೆ ಹಡಗು ಗೊತ್ತಿಲ್ಲ. ಅದಕ್ಕೆ ವಸಯಿ ಕಡೆಯ ಪೋರ್ಚುಗೀಸ್ ಕೆಲಸಗಾರರನ್ನು ಕರೆಸಿದರು. ರುಯಿ ಲೈತಾವೊ ವಿಯೇಗಸ್ ಅವರ ಮುಖ್ಯಸ್ಥ. ಮುಂದೆ ಪೋರ್ಚುಗೀಸರೇ ಹೆದರಿ ತಮ್ಮವರನ್ನು ವಾಪಸ್ ಕರೆಸಿಕೊಂಡರು. ಈ ಹಡಗುಗಳು ನಾಳೆ ನಮ್ಮ ಮೇಲೇ ಬಂದರೆ ಅಂತ. ಶಿವಾಜಿಯ ನೌಕಾಪಡೆ ಬೆಳೆದದ್ದು ಹೀಗೆ. 1679ರಲ್ಲಿ ಮುಂಬಯಿ ಹತ್ತಿರದ ಖಾಂದೇರಿ ದ್ವೀಪದಲ್ಲಿ ಇಂಗ್ಲಿಷರ ಎದುರು ಆ ನೌಕಾಪಡೆ ನಡೆಸಿದವರಲ್ಲಿ ಒಬ್ಬರು ದೌಲತ್ ಖಾನ್. ಮೊಗಲರ ಪರ ಎದುರಿಗಿದ್ದವರು ಜಂಜೀರಾದ ಸಿದ್ದಿಗಳು. ದೌಲತ್ ಖಾನ್ ಹೆಸರು ಕೇಳಿದಾಗ ನಮ್ಮ ಹುಡುಗರು ನೆಟ್ಟಗೆ ಕೂರುತ್ತಾರೆ. ನನಗೆ ಖುಷಿಯಾಗುತ್ತದೆ, ಸ್ವಲ್ಪ ಬೇಜಾರೂ ಆಗುತ್ತದೆ. ಒಂದು ಹೆಸರು ಸಿಕ್ಕರೆ ಮಾತ್ರ ಈ ಇತಿಹಾಸದಲ್ಲಿ ತಮಗೂ ಜಾಗ ಇದೆ ಅನ್ನಿಸುವ ಪರಿಸ್ಥಿತಿ ಮಕ್ಕಳಿಗೆ ಬರಬಾರದಿತ್ತು.

ಹಾಗಾದರೆ ಮೊಗಲರು? ಅವರು 1661ರಲ್ಲಿ, ಶಾಯಿಸ್ತಾ ಖಾನನ ಕಾಲದಲ್ಲಿ, ಕಲ್ಯಾಣ ಹಿಡಿದರು. ಮರಾಠರು ಅದನ್ನು ಮತ್ತೆ ಪಡೆದರು. ಸಂಭಾಜಿ ಮಹಾರಾಜರ ಅಂತ್ಯವಾದ 1689ರಲ್ಲಿ ಮೊಗಲ್ ಅಧಿಕಾರಿ ಮಾತಬರ್ ಖಾನ್ ನಾಸಿಕ ಕಡೆಯಿಂದ ಇಳಿದು ಬಂದು ಕಲ್ಯಾಣ ಗೆದ್ದರು. ಮೊಗಲ್ ಕಲ್ಯಾಣ ಅಂತ ನಿಜವಾಗಿ ಹೇಳಬಹುದಾದ ಕಾಲ ಅವರದು. ಅರಬ್ಬಿಯ 'ಮುಅತಬರ್' ಅಂದರೆ ನಂಬಿಕಸ್ಥ. ನಮ್ಮ ಉತ್ತರ ಕರ್ನಾಟಕದಲ್ಲಿ ಊರ ಹಿರಿಯರನ್ನು "ಭಾಳ ಮಾತಬರ ಮನಶ್ಯಾ" ಅಂತಾರಲ್ಲ, ಅದೇ ಶಬ್ದ. ಮರಾಠಿಯಲ್ಲೂ ಇದೆ.

ಠಾಣಾ ಜಿಲ್ಲೆಯ ಗೆಜೆಟಿಯರನ್ನು ಇಂಗ್ಲಿಷರು 1882ರಲ್ಲಿ ಪ್ರಕಟಿಸಿದರು. ಕಲ್ಯಾಣದ ಊರುಗೋಡೆಯನ್ನು ಶಾಹಜಹಾನ್ ಕಾಲದಲ್ಲಿ ಶುರು ಮಾಡಿ ಔರಂಗಜೇಬನ ಕಾಲದಲ್ಲಿ, 1694ರಲ್ಲಿ ಮುಗಿಸಿದರು ಅಂತ ಅದು ಹೇಳುತ್ತದೆ. ಎರಡೂ ಕೆಲಸಕ್ಕೆ ಒಬ್ಬನೇ ನವಾಬನ ಹೆಸರು ಕೊಡುತ್ತದೆ: ಮಹತಬರ್ ಖಾನ್. ಆದರೆ 1636ರಿಂದ 1657ರವರೆಗೆ, ಶಾಹಜಹಾನ್ ಆಳುತ್ತಿದ್ದಾಗ, ಕಲ್ಯಾಣ ಮೊಗಲರದಾಗಿರಲೇ ಇಲ್ಲವಲ್ಲ! ಒಂಬತ್ತನೇ ಕ್ಲಾಸಿನವರಿಗೆ ನಾನು ಇದನ್ನೇ ಪ್ರಶ್ನೆಯಾಗಿ ಕೊಡುತ್ತೇನೆ: ಈ ಎರಡು ಮಾತು ಹೇಗೆ ಕೂಡುತ್ತವೆ? ಕೂಡುವುದಿಲ್ಲ. 1694 ಎಂಬ ವರ್ಷ ಮಾತಬರ್ ಖಾನರ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಶಾಹಜಹಾನ್ ಹೆಸರು ಜನರ ಬಾಯಿಂದ ಬಂದು ಪುಸ್ತಕಕ್ಕೆ ಸೇರಿರುವ ಹಾಗೆ ಕಾಣುತ್ತದೆ. ಅಚ್ಚಾದದ್ದೆಲ್ಲ ಸತ್ಯವಲ್ಲ, ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಕಲಿಸಲು ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಆ ಗೋಡೆ ಸುಮಾರು 70 ಎಕರೆ ಜಾಗವನ್ನು ಸುತ್ತುವರಿದಿತ್ತು. ನಾಲ್ಕು ಬಾಗಿಲು, ಹನ್ನೊಂದು ಬುರುಜು, ಹೊರಗೆ ಕಂದಕ. ಅಂದರೆ ದುರ್ಗಾಡಿ ಒಂದೇ ಕೋಟೆಯಲ್ಲ. ಇಡೀ ಹಳೇ ಕಲ್ಯಾಣವೇ ಕೋಟೆಯೊಳಗಿತ್ತು, ದುರ್ಗಾಡಿ ಖಾಡಿಯ ಕಡೆಯ ಎತ್ತರದ ಮೂಲೆ ಅಷ್ಟೇ. ಇವತ್ತು ರಿಕ್ಷಾದಲ್ಲಿ ಹೋಗುವಾಗ ನಾವು ಗೋಡೆ ಇದ್ದ ಜಾಗವನ್ನು ಗೊತ್ತಿಲ್ಲದೆ ದಾಟಿ ಹೋಗುತ್ತೇವೆ.

ಕಂದಕ ಅಂದಾಗ ಮದ್ರಸಾಗೆ ಹೋಗುವ ಮಕ್ಕಳು ತಟ್ಟನೆ ಹಿಡಿಯುತ್ತಾರೆ: "ಖಂದಕ್! ಗಝ್ವಾ-ಎ-ಖಂದಕ್!" ಹೌದು, ಹಿಜರಿ 5ರಲ್ಲಿ ಮದೀನಾದ ರಕ್ಷಣೆಗೆ ಹಝ್ರತ್ ಸಲ್ಮಾನ್ ಫಾರ್ಸಿಯವರ ಸಲಹೆಯಂತೆ ಅಗೆದದ್ದು ಖಂದಕ್. ಪಾರ್ಸಿಯಲ್ಲಿ ಅಗೆಯುವುದಕ್ಕೆ 'ಕಂದನ್' ಅಂತಾರೆ. ಅದು ಅರಬ್ಬಿಗೆ ಹೋಗಿ ಖಂದಕ್ ಆಯಿತು, ದಖ್ಖನಿಗೆ ಬಂದು ಮರಾಠಿಯಲ್ಲಿ ಖಂದಕ, ಕನ್ನಡದಲ್ಲಿ ಕಂದಕ. ಕೋಟೆಯ ಶಬ್ದಗಳೆಲ್ಲ ಹೀಗೇ. ಬುರುಜು, ಕಿಲ್ಲೆ ಅರಬ್ಬಿಯವು. ಬಂದರು ಪಾರ್ಸಿಯದು. ತೋಪು ತುರ್ಕಿಯದು. ಬೆಳಗಾವಿ ಕಡೆ ಕಿಲ್ಲೇದಾರ ಎಂಬ ಅಡ್ಡಹೆಸರು ಹಿಂದೂಗಳಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಬೇಡ ಅನ್ನಲು ನಾವು ಮನೆಯಲ್ಲಿ ದಖ್ಖನಿಯಲ್ಲಿ "ನಕ್ಕೋ" ಅಂತೀವಲ್ಲ, ಅದು ಮರಾಠಿಯ 'ನಕೋ'. ಉರ್ದು ಪಾಠವನ್ನೂ ಕನ್ನಡ ಪಾಠವನ್ನೂ ಒಟ್ಟಿಗೆ ಮಾಡಲು ಕೋಟೆಗಿಂತ ಒಳ್ಳೆಯ ಕ್ಲಾಸ್‌ರೂಮ್ ಇಲ್ಲ ಅಂತ ನಾನು ಸಹೋದ್ಯೋಗಿಗಳಿಗೆ ಹೇಳುತ್ತಿರುತ್ತೇನೆ. ಬಿ.ಎಡ್.ನಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿಸಿದರು. ಬುರುಜಿನ ಮೇಲೆ ನಿಂತು ಭಾಷೆ ಕಲಿಸುವುದನ್ನು ಯಾರೂ ಹೇಳಿಕೊಡಲಿಲ್ಲ.

18ನೇ ಶತಮಾನದಲ್ಲಿ ಕಲ್ಯಾಣ ಪೇಶ್ವೆಗಳ ಕಾಲದ ಮರಾಠರದಾಯಿತು. ಕೋಟೆಯೊಳಗೆ ಈದ್ಗಾದ ಹಿಂದೆ ಮರಾಠರು ದುರ್ಗಾದೇವಿಯ ಸಣ್ಣ ಮರದ ಗುಡಿ ಕಟ್ಟಿದರು, ದುರ್ಗಾಡಿ ಎಂಬ ಹೆಸರು ಅದರಿಂದ ಬಂತು ಎಂದು ಅದೇ ಗೆಜೆಟಿಯರ್ ಹೇಳುತ್ತದೆ. ಈದ್ಗಾವನ್ನೂ ಅದು ದಾಖಲಿಸುತ್ತದೆ. 1780ರಲ್ಲಿ ಇಂಗ್ಲಿಷರು ಬಂದರು. ಅವರಿಗೆ ಕೋಟೆ ಬೇಕಿರಲಿಲ್ಲ, ಕಲ್ಲು ಬೇಕಿತ್ತು. ಕೋಟೆಯ ಕಲ್ಲುಗಳು ಕಲ್ಯಾಣ ಮತ್ತು ಠಾಣೆಯ ಧಕ್ಕೆ ಕಟ್ಟುವುದಕ್ಕೆ ಹೋದವು. ಆಮೇಲೆ ರೈಲು. 1853ರ ಏಪ್ರಿಲ್ 16ರಂದು ಮುಂಬಯಿ-ಠಾಣೆ ನಡುವೆ ಮೊದಲ ರೈಲು ಓಡಿತು, 1854ರ ಮೇ ತಿಂಗಳಲ್ಲಿ ಅದು ಕಲ್ಯಾಣ ಮುಟ್ಟಿತು. ಸಾಮಾನು ದೋಣಿಯಿಂದ ರೈಲಿಗೆ ಹತ್ತಿತು, ಪೇಟೆ ಸ್ಟೇಷನ್ ಕಡೆಗೆ ಸರಿಯಿತು. ಖಾಡಿ ದಂಡೆ ಊರಿನ ಹಿತ್ತಲಾಯಿತು. ಇವತ್ತು ಕಲ್ಯಾಣ ಅಂದರೆ ಜಂಕ್ಷನ್. ಬಂದರು ಅಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಸುಲಭ. ಕಷ್ಟದ ಪ್ರಶ್ನೆ ಮೇಲೆ ಹತ್ತಿದಾಗ ಬರುತ್ತದೆ. ಒಂದು ಕಡೆ ಗಂಟೆ, ಒಂದು ಕಡೆ ಮಿಹ್ರಾಬಿನ ಗೋಡೆ. "ಯೇ ಕಿಸ್ಕಾ ಕಿಲ್ಲಾ ಹೈ ಟೀಚರ್?" ಯಾರದು ಈ ಕೋಟೆ?

ಇದನ್ನು ಮುಚ್ಚಿಟ್ಟು ಪಾಠ ಮಾಡಿದರೆ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ, ಅಲ್ಲಿ ಸಿಗುವುದು ಇನ್ನೂ ಕೆಟ್ಟದು. ಅದಕ್ಕೇ ಇರುವುದನ್ನು ಇದ್ದಂತೆ ಹೇಳಬೇಕು. ಈ ಜಾಗದ ಬಗ್ಗೆ ಹಲವು ದಶಕಗಳಿಂದ ವಿವಾದ ಇದೆ. ಇಲ್ಲಿ ಈದ್ ನಮಾಜ್ ನಡೆಯುತ್ತದೆ. ಈದ್ ದಿನ ಗುಡಿಗೆ ಹೋಗಲು ನಿರ್ಬಂಧ ಹಾಕುವುದನ್ನು ವಿರೋಧಿಸಿ ಕೆಲವು ಸಂಘಟನೆಗಳು ಕೋಟೆಯ ಕೆಳಗೆ ಗಂಟೆ ಬಾರಿಸುವ ಪ್ರತಿಭಟನೆ ಮಾಡುತ್ತಾ ಬಂದಿವೆ, ಪೊಲೀಸ್ ಬಂದೋಬಸ್ತ್ ಇರುತ್ತದೆ. ಜಾಗ ತಮ್ಮದು ಎಂದು ಇಲ್ಲಿನ ಮಸೀದಿ ಟ್ರಸ್ಟ್ 1976ರಲ್ಲಿ ದಾವೆ ಹೂಡಿತ್ತು. ಸುಮಾರು ನಲವತ್ತೆಂಟು ವರ್ಷ ನಡೆದ ಆ ದಾವೆಯನ್ನು ಕಲ್ಯಾಣದ ಸಿವಿಲ್ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ವಜಾ ಮಾಡಿ, ಜಾಗ ಸರ್ಕಾರದ್ದು ಎಂದು ಹೇಳಿತು. ಕೋರ್ಟಿನ ವಿಷಯವನ್ನು ಕೋರ್ಟಿನಲ್ಲಿ, ಕಾನೂನಿನ ದಾರಿಯಲ್ಲಿ ನೋಡಿಕೊಳ್ಳುವವರಿದ್ದಾರೆ. ಎಂಟನೇ ಕ್ಲಾಸಿನ ಮಗುವಿನ ತಲೆ ಮೇಲೆ ಆ ಹೊರೆ ಯಾಕೆ?

ನಮ್ಮ ಮಕ್ಕಳಿಗೆ ಆಗುವ ತೊಂದರೆ ಬೇರೆ. ಅವರಿಗೆ ಈ ಪ್ರಶ್ನೆ ಇತಿಹಾಸದ ಪ್ರಶ್ನೆಯಾಗಿ ಬರುವುದೇ ಇಲ್ಲ, "ನೀನು ಯಾರ ಕಡೆ?" ಎಂಬ ಪ್ರಶ್ನೆಯಾಗಿ ಬರುತ್ತದೆ. ಔರಂಗಜೇಬನ ಪಾಠ ಬಂದಾಗ ಕ್ಲಾಸಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಕೂರುತ್ತಾನೆ, ಯಾರೋ ತನ್ನನ್ನೇ ನೋಡುತ್ತಿದ್ದಾರೆ ಅಂತ. ಇನ್ನೊಬ್ಬ ಎದೆಯುಬ್ಬಿಸಿ ಅವನ ವಕೀಲನಾಗಿ ಎದ್ದು ನಿಲ್ಲುತ್ತಾನೆ. ಇಬ್ಬರೂ ಆ ಬಾದಶಾಹನ ಬಗ್ಗೆ ಏನೂ ಓದಿಲ್ಲ. ನನಗೆ ಎರಡೂ ಬೇಡ. ಆ ಅರಸರು ನಮ್ಮ ಅಜ್ಜಂದಿರಲ್ಲ. ಅವರ ಗೆಲುವು ನಮ್ಮ ಖಾತೆಗೆ ಜಮೆಯಲ್ಲ, ಅವರ ತಪ್ಪು ನಮ್ಮ ಖಾತೆಗೆ ಖರ್ಚೂ ಅಲ್ಲ. ನಮ್ಮ ನಿಜವಾದ ಅಜ್ಜಂದಿರು ಆ ಕಾಲದಲ್ಲಿ ಬಹುಶಃ ಕಲ್ಲು ಹೊರುತ್ತಿದ್ದರು, ನೇಯುತ್ತಿದ್ದರು, ದೋಣಿ ನಡೆಸುತ್ತಿದ್ದರು, ಸುಂಕ ಕಟ್ಟುತ್ತಿದ್ದರು. ಗೆಜೆಟಿಯರಿನಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ 'ಯಾರದು' ಎಂಬುದಕ್ಕೆ ನಾನು ಒಂದು ಹೆಸರು ಕೊಡುವುದಿಲ್ಲ, ಕೋಷ್ಟಕ ಬರೆಸುತ್ತೇನೆ. ಯಾವ ವರ್ಷ, ಯಾರ ಕೈಯಲ್ಲಿ, ಅವರು ಇಲ್ಲಿ ಏನು ಕಟ್ಟಿದರು, ಏನು ಕೆಡವಿದರು. ನಿಜಾಮಶಾಹಿ, ಆದಿಲ್‌ಶಾಹಿ, ಶಿವಾಜಿ, ಮೊಗಲರು, ಪೇಶ್ವೆಗಳು, ಇಂಗ್ಲಿಷರು ಅಂತ ಬರೆಯುತ್ತಾ ಹೋದರೆ ಕೊನೆಯ ಸಾಲಿನಲ್ಲಿ ಸರ್ಕಾರ ಬರುತ್ತದೆ. ಒಂದು ಸಲ ಒಬ್ಬ ಹುಡುಗಿ ಕೋಷ್ಟಕ ಮುಗಿಸಿ, "ಟೀಚರ್, ಜಾಸ್ತಿ ಕೆಡವಿದ್ದು ಇಂಗ್ಲಿಷರು, ಅವರ ಹೆಸರು ಯಾರೂ ಎತ್ತೋದೇ ಇಲ್ಲ" ಅಂದಳು. ಅವಳಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಹೋಗುವವರಿಗೆ ಒಂದೆರಡು ಮಾತು. ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು "ದುರ್ಗಾಡಿ" ಅಂದರೆ ಯಾವ ರಿಕ್ಷಾದವರಾದರೂ ಕರೆದುಕೊಂಡು ಹೋಗುತ್ತಾರೆ. ನವರಾತ್ರಿಯಲ್ಲಿ ಇಲ್ಲಿ ದೊಡ್ಡ ಜಾತ್ರೆ, ಸಾಲು ರಸ್ತೆವರೆಗೂ ಬರುತ್ತದೆ, ಶಾಲೆಯ ಮಕ್ಕಳನ್ನು ಆಗ ಕರೆತರುವುದು ಕಷ್ಟ. ಈದ್ ದಿನಗಳಲ್ಲೂ ಬೇಡ. ಸಾಮಾನ್ಯ ದಿನ, ಬೆಳಿಗ್ಗೆ ಬೇಗ ಬನ್ನಿ. ಗುಡಿಯ ಹತ್ತಿರ ಚಪ್ಪಲಿ ಬಿಡಿಸಿ, ಗಲಾಟೆ ಮಾಡಬಾರದು ಅಂತ ಮೊದಲೇ ಹೇಳಿಡಿ. ಈದ್ಗಾ ಗೋಡೆಯ ಮುಂದೆ ಪೋಸ್ ಕೊಟ್ಟು ವಿಡಿಯೋ ಮಾಡುವುದು ಬೇಡ. ಇಳಿತದ ಹೊತ್ತಿನಲ್ಲಿ ಒಮ್ಮೆ, ಉಬ್ಬರದ ಹೊತ್ತಿನಲ್ಲಿ ಒಮ್ಮೆ ಖಾಡಿ ನೋಡಲು ಆದರೆ ಬಹಳ ಒಳ್ಳೆಯದು. ಕೆಸರು ಕಾಣುತ್ತಿದ್ದ ಜಾಗದಲ್ಲಿ ನೀರು ತುಂಬಿದಾಗ ಬಂದರು ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ.

ಸಮಯ ಉಳಿದರೆ ಅಲ್ಲಿಂದ ಶೇಣಾಳೆ ಕೆರೆಗೆ ಹೋಗಿ. ಜನ ಕಾಳಾ ತಲಾವ್ ಅಂತ ಕರೆಯುತ್ತಾರೆ. ಸಂಜೆ ವಾಕಿಂಗ್ ಮಾಡುವವರು, ಆಟವಾಡುವ ಮಕ್ಕಳು, ಭೇಳ್‌ಪುರಿ ಗಾಡಿಗಳು. ಅದೇ ದಂಡೆಯಲ್ಲಿ ಕಪ್ಪು ಕಲ್ಲಿನ ಕಾಳಿ ಮಸೀದಿ ಇದೆ, ಅದರ ಹತ್ತಿರವೇ ಊರುಗೋಡೆ ಕಟ್ಟಿಸಿದ ಆ ಮಾತಬರ್ ಖಾನರ ಗೋರಿ. ಅವರು ಕಟ್ಟಿಸಿದ ಗೋಡೆಯ ಕಲ್ಲು ಧಕ್ಕೆಗೆ ಹೋಯಿತು. ಕೆರೆಯಲ್ಲಿ ಮಾತ್ರ ಈಗಲೂ ನೀರಿದೆ, ಅಸರ್ ನಮಾಜ್ ಮುಗಿಸಿ ಬಂದ ಮುದುಕರು ಅದರ ಕಟ್ಟೆ ಮೇಲೆ ಕೂತು ಮಗ್ರಿಬ್‌ವರೆಗೂ ಹರಟೆ ಹೊಡೆಯುತ್ತಾರೆ.